ರೊಟ್ಟಿ ಬಡಿಯುವವರಿಗೆ ಹೇಳಿದ ಧಾರಾವಾಹಿ

ಆ ಧಾರಾವಾಹಿಯ ಮೊದಲ ಹತ್ತು ಕಂತುಗಳನ್ನು ನಾನು ನೋಡಿದ್ದು ಬಸ್ಸಿನಲ್ಲಿ. ವಾರಕ್ಕೊಂದು ಕಂತು. ಬೆಳಿಗ್ಗೆ ಸೋಲಾಪುರದ ಸ್ಟ್ಯಾಂಡಿನಲ್ಲಿ ಅಕ್ಕಲಕೋಟದ ಬಸ್ಸು ಹತ್ತಿ, ಬಿಸಿಲು ಬೀಳದ ಬಲಬದಿಯ ಸೀಟು ಹಿಡಿದು, ಮೊಬೈಲನ್ನು ಸೆರಗಿನ ನೆರಳಿನಲ್ಲಿಟ್ಟು ನೋಡುತ್ತಿದ್ದೆ. ಒಂದು ಕಿವಿ ಧಾರಾವಾಹಿಗೆ, ಇನ್ನೊಂದು ಕಂಡಕ್ಟರನಿಗೆ. ಊರು ದಾಟಿ ಹೊಲ ಶುರುವಾದ ಮೇಲೆ ಕಿಟಕಿಯ ಗಾಜಿನಾಚೆಯ ಜೋಳದ ಬೆಳೆ ಪರದೆಯ ಮೇಲೂ ತೆಳುವಾಗಿ ಹರಿಯುತ್ತಿತ್ತು. ಧಾರಾವಾಹಿಯ ಹೆಂಗಸು ಅಂಗಳ ಗುಡಿಸುತ್ತಿದ್ದರೆ ಅವಳ ಪೊರಕೆಯ ತುದಿಯಲ್ಲಿ ನಮ್ಮ ಸೀಮೆಯ ಬೇವಿನ ಮರಗಳು ಸಾಲಾಗಿ ಸರಿದು ಹೋಗುತ್ತಿದ್ದವು. ಎಷ್ಟು ನೋಡಿದೆ, ಎಷ್ಟು ಆ ಗಾಜಿನಲ್ಲಿ ಕಳೆದುಕೊಂಡೆ ಎಂದು ಈಗ ಬಿಡಿಸಿ ಹೇಳುವುದು ಕಷ್ಟ. ಬಿಡಿಸಿ ಹೇಳಬೇಕೆಂದೇ ಬರೆಯುತ್ತಿದ್ದೇನೆ.

ಅಕ್ಕಲಕೋಟದಲ್ಲಿ ನಮ್ಮ ಬಚತ ಗಟದ, ಅಂದರೆ ಹೆಂಗಸರ ಉಳಿತಾಯ ಸಂಘದ, ರೊಟ್ಟಿ ಕೆಲಸ ನಡೆಯುವುದು ವೈನಿಯ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ವೈನಿ ಎಂದರೆ ನನ್ನ ಸ್ವಂತ ಅತ್ತಿಗೆಯಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ. ಅವರೂ ಸೇರಿ ನಾಲ್ವರು ಹೆಂಗಸರು ಅಲ್ಲಿ ಜೋಳದ ಗರಿಗರಿ ಕಟಕ ರೊಟ್ಟಿ ಮಾಡುತ್ತಾರೆ, ಒಬ್ಬಳು ನಾದುತ್ತಾಳೆ, ಮೂವರು ಬಡಿಯುತ್ತಾರೆ. ನಾನು ಒಣಗಿದ ರೊಟ್ಟಿಯನ್ನು ಪಾಕೀಟು ಮಾಡಿ ಸಂಜೆ ಸೋಲಾಪುರದ ಅಂಗಡಿಗಳಿಗೆ ಒಯ್ಯುತ್ತೇನೆ. ಮೂರು ಹಲಗೆಗಳ ಮೇಲೆ ಮೂರು ಅಂಗೈಗಳು ಬೀಳುತ್ತಿದ್ದರೆ ಆ ತಗಡಿನ ಕೆಳಗೆ ಟೀವಿ ಕೇಳುವುದಿಲ್ಲ. ಕಣ್ಣು ಎತ್ತಿದರೆ ರೊಟ್ಟಿಯ ಅಂಚು ಸೀಳುತ್ತದೆ. ಆದ್ದರಿಂದ ಅವರಿಗೆ ಧಾರಾವಾಹಿಯನ್ನು ಯಾರಾದರೂ ಹೇಳಬೇಕು, ಅದೂ ಬಡಿತದ ಮೇಲೆ ಕೇಳುವಂತೆ ಜೋರಾಗಿ ಹೇಳಬೇಕು. ನನ್ನ ಕೈ ಕೆಲಸ ಸದ್ದಿಲ್ಲದ್ದು. ಹೀಗಾಗಿ ಹೇಳುವವಳು ನಾನಾದೆ.

ಧಾರಾವಾಹಿ ಮರಾಠಿಯದು, ನಮ್ಮ ಕಡೆ ಇದಕ್ಕೆ ಮಾಲಿಕಾ ಅನ್ನುತ್ತಾರೆ. ನದಿಯ ದಂಡೆಯ ಒಂದು ಹಳೆಯ ವಾಡೆ, ಅದರಲ್ಲಿ ಏಳು ಬಾಡಿಗೆ ಮನೆ, ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ. ಮೊದಲ ಕಂತಿನಲ್ಲಿ ಒಬ್ಬ ಮುದುಕ ಕೆಟ್ಟ ಬೀಗವೊಂದನ್ನು ಬಿಚ್ಚಿ ಮತ್ತೆ ಜೋಡಿಸಿದ. ಮಹಡಿಯ ಖೋಲಿಗೆ ಒಬ್ಬಳು ಹುಡುಗಿ ಪೆಟ್ಟಿಗೆ ಹೊತ್ತು ಬಂದಳು. ಅಂಗಳದ ಎದುರುಬದುರು ಮನೆಗಳ ಅಕ್ಕ ತಂಗಿ ಒಂದೇ ಹೊತ್ತಿಗೆ ನಲ್ಲಿಗೆ ಬಂದು, ಒಬ್ಬಳನ್ನೊಬ್ಬಳು ನೋಡದೆ ನೀರು ತುಂಬಿಕೊಂಡು ಹೋದರು. ಅಷ್ಟೇ.

"ಇಷ್ಟs?" ಅಂದರು ವೈನಿ.

"ಇಷ್ಟsರಿ."

"ಯಾರೂ ಸಾಯಲಿಲ್ಲ? ಯಾರೂ ಓಡಿ ಹೋಗಲಿಲ್ಲ?"

"ಇಲ್ಲರಿ."

"ನಮ್ಮ ಓಣ್ಯಾಗ ಒಂದು ತಾಸಿನ್ಯಾಗ ಇದಕ್ಕಿಂತ ಜಾಸ್ತಿ ಆಗ್ತೈತಿ. ಇಷ್ಟು ನೋಡಾಕ ಮೊಬೈಲ್ ಬ್ಯಾಟರಿ ಸುಟ್ಟಿ ನೋಡು."

ಹಿಟ್ಟು ನಾದುವವಳು, ಎಲ್ಲರಿಗಿಂತ ಸಣ್ಣವಳು, ನಕ್ಕಳು. "ಇರಲಿ ಬಿಡ್ರಿ ವೈನಿ. ಆ ಪೆಟಗಿ ಹೊತ್ತಾಕಿ ಯಾರಂತ ಕೇಳೂಣು ಮುಂದಿನ ವಾರ."

ಮುಂದಿನ ವಾರವೂ ಅವಳು ಯಾರೆಂದು ತಿಳಿಯಲಿಲ್ಲ. ಆದರೆ ಮೂರನೆಯ ವಾರದ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಅವರು ಕಥೆ ಕೇಳುವುದನ್ನು ಬಿಟ್ಟು ತಮ್ಮ ತಮ್ಮ ಮನುಷ್ಯರ ಕ್ಷೇಮ ಕೇಳತೊಡಗಿದರು. ವೈನಿ ಬೀಗದ ಮುದುಕನನ್ನು ತಮ್ಮವನನ್ನಾಗಿ ಮಾಡಿಕೊಂಡರು. ನಾನು ಶೆಡ್ಡಿನೊಳಗೆ ಕಾಲಿಡುತ್ತಲೇ "ನಮ್ಮ ಮುದುಕ ಚಹಾ ಕುಡದನೇನು?" ಎನ್ನುವರು. ಸಣ್ಣವಳು ಪೆಟ್ಟಿಗೆಯ ಹುಡುಗಿಯನ್ನು ಹಿಡಿದಳು. ಇನ್ನೊಬ್ಬಳಿಗೆ ಯಾರೂ ಬೇಡವಾಗಿತ್ತು, ನಲ್ಲಿಯೊಂದೇ ಸಾಕೆಂದಳು, "ನಳಕ್ಕ ನೀರ ಬಂತಿಲ್ಲೋ ಅಷ್ಟ ಹೇಳು ನಂಗ."

ಎದುರುಬದುರು ಮನೆಗಳ ಅಕ್ಕನನ್ನು ಆರಿಸಿಕೊಂಡವರು ಆಯಿ.

ಆಯಿ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ತಡವಳದವರು, ಮೊಮ್ಮಗನ ಬೈಕಿನ ಹಿಂದೆ ಕೂತು ಬರುವರು. ಅವರು ಬಡಿದ ರೊಟ್ಟಿಯನ್ನು ದೀಪಕ್ಕೆ ಹಿಡಿದರೆ ಎಲ್ಲಿಯೂ ದಪ್ಪ ತೆಳು ಕಾಣುವುದಿಲ್ಲ. ಸಂತೆಯ ಮರಾಠಿ ಬರುತ್ತದೆ, ಆದರೆ ಧಾರಾವಾಹಿಯವರು ಬಾಯೊಳಗೇ ಆಡುವ ಮೆಲುದನಿಯ ಮರಾಠಿ ಅವರ ಕಿವಿಗೆ ಹತ್ತುವುದಿಲ್ಲ. ಮನೆಯ ಟೀವಿಯಲ್ಲಿ ಒಂದು ದಿನ ನೋಡಿ, "ಮಾರಿ ಕಾಣತಾವ, ಮಾತ ಕಾಣವಲ್ವು" ಎಂದು ಎದ್ದು ಬಂದಿದ್ದರಂತೆ. ಹೀಗಾಗಿ ಅವರ ಧಾರಾವಾಹಿ ಎಂದರೆ ನಾನು ಹೇಳಿದ್ದು.

ಅವರು ಆ ಅಕ್ಕನನ್ನೇ ಯಾಕೆ ಆರಿಸಿಕೊಂಡರು ಎಂಬುದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ವಳಸಂಗದಲ್ಲಿರುವ ತಂಗಿಯ ಜೊತೆ ಆಯಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ. ಅವರ ತಾಯಿ ತೀರಿಕೊಂಡದ್ದು ಆ ತಂಗಿಯ ಮನೆಯಲ್ಲಿ. ಬೇಸಿಗೆಯ ದಿನ. ಸುದ್ದಿ ತಿಳಿದು, ಬಸ್ಸು ತಪ್ಪಿ, ಮತ್ತೊಂದು ಹಿಡಿದು ಆಯಿ ವಳಸಂಗ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದ ಜನ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಕೂತಿದ್ದರು. "ಅವ್ವನ ಮಾರಿ ತೋರಸಲಿಲ್ಲ ಆಕಿ ನಂಗ. ಬಾಗಲದಾಗಿಂದs ತಿರಿಗಿ ಬಂದೆ." ಇದನ್ನು ಆಯಿ ನಮಗೆ ಎರಡು ಸಲ ಹೇಳಿದ್ದಾರೆ, ಎರಡೂ ಸಲ ಇವೇ ಮಾತುಗಳಲ್ಲಿ. ನಮ್ಮ ಕಡೆ ಮಾತು ಬಿಟ್ಟವರು ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮದುವೆ ಮುಂಜಿಯಲ್ಲಿ ಎದುರಾದರೂ ಬೇರೆ ಬೇರೆ ಸಾಲಿನಲ್ಲಿ ಕೂಡುತ್ತಾರೆ. ಆಯಿ ಹೋಗಬೇಕು ಎಂದು ಒಮ್ಮೊಮ್ಮೆ ಅನ್ನುತ್ತಿದ್ದರು. ಬೇಡ ಎಂದೂ ಅವರೇ ಅನ್ನುತ್ತಿದ್ದರು.

ಹೇಳುವಾಗ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಹಲಗೆಯ ಸದ್ದೇ ಹೇಳುತ್ತಿತ್ತು. ಬೇಸರವಾದರೆ ವೈನಿಯ ಬಡಿತ ಜೋರಾಗುತ್ತಿತ್ತು. ಪೆಟ್ಟಿಗೆಯ ಹುಡುಗಿಯ ಮಾತು ಬಂದರೆ ಹಿಟ್ಟು ನಾದುವ ಮುಷ್ಟಿಗಳು ನಿಧಾನವಾಗುತ್ತಿದ್ದವು. ಆಯಿಯ ಬಡಿತ ಮಾತ್ರ ಒಂದೇ ಹದ, ಮಳೆ ನಿಂತ ಮೇಲೆ ತಗಡಿನ ಅಂಚಿನಿಂದ ತೊಟ್ಟಿಕ್ಕುವ ಹನಿಯಂತೆ. ಅಕ್ಕ ತಂಗಿಯರ ಸುದ್ದಿ ಬಂದಾಗ ಆ ಹನಿಗಳ ನಡುವಿನ ಅಂತರ ಸ್ವಲ್ಪ ಹಿಗ್ಗುತ್ತಿತ್ತು. ನಾನು ಆ ಅಂತರಕ್ಕಾಗಿ ಹೇಳಲು ಶುರು ಮಾಡಿದೆ. ಇದು ನಿಜ, ಮತ್ತು ತಪ್ಪು ಅಲ್ಲಿಂದಲೇ ಶುರುವಾಯಿತು.

ಮೊದಲು ಸಣ್ಣ ಸಣ್ಣ ಬದಲಾವಣೆ. ಧಾರಾವಾಹಿಯಲ್ಲಿ ಅವಲಕ್ಕಿಯ ಪೋಹೆ ತಿಂದರೆ ನಾನು ಸುಸಲಾ ಎನ್ನುತ್ತಿದ್ದೆ, ಚುರುಮರಿಯ ಒಗ್ಗರಣೆ ನಮಗೆ ಹತ್ತಿರದ್ದೆಂದು. ನದಿಯ ದಂಡೆಯನ್ನು ಹಳ್ಳದ ದಂಡೆ ಮಾಡಿದೆ. ಬಸ್ಸು ತಿರುಗಿದಲ್ಲಿ ಬಿಸಿಲು ಬಿದ್ದು ಪರದೆ ಬೆಳ್ಳಗಾಗಿ ಕಾಣದೇ ಹೋದ ಜಾಗಗಳನ್ನು ನನಗೆ ತೋಚಿದಂತೆ ತುಂಬಿದೆ. ಆರನೆಯ ಕಂತಿನಲ್ಲಿ ಅಕ್ಕ ಕಿಟಕಿಯಲ್ಲಿ ಸುಮ್ಮನೆ ನಿಂತಿದ್ದಳು, ಬಹಳ ಹೊತ್ತು. ನಾನು, "ಅಳಾಕತ್ತಿದ್ಲು" ಎಂದೆ. ಅವಳು ಅತ್ತಿದ್ದು ನಾನು ನೋಡಿಲ್ಲ. ಅವಳ ಕೆನ್ನೆಯ ಮೇಲೆ ಹಾದು ಹೋದದ್ದು ಬಸ್ಸಿನ ಕಿಟಕಿಯ ಆಚೆಗಿನ ಯಾವುದೋ ಬೆಳಕು.

"ಅಳಲಿ," ಅಂದರು ಆಯಿ. "ಅತ್ರ ಹಗರಾಗ್ತೈತಿ. ಆದ್ರ ಹೋಗಬಾರದು ಆಕಿ. ತಂಗಿನs ಬರಬೇಕು."

"ಯಾಕ ಬರಬೇಕ್ರಿ?" ಸಣ್ಣವಳು ಕೇಳಿದಳು. "ದೊಡ್ಡಾಕಿ ದೊಡ್ಡ ಮನಸ್ಸು ಮಾಡಬಾರದೇನು?"

"ನಿನ್ನ ಲಗ್ನ ಆಗಿ ಎರಡ ವರ್ಷ. ನಾದು ಸುಮ್ಮ."

ಎಲ್ಲರೂ ನಕ್ಕರು, ಆಯಿಯೂ.

ಹತ್ತನೆಯ ಕಂತು ಬಂದಾಗ ದಾರಿಯ ಜೋಳ ತೆನೆಗಟ್ಟಿತ್ತು. ರಸ್ತೆಯ ಬದಿಯಲ್ಲಿ ಹಸಿ ಜೋಳದ ತೆನೆಯ ಹುರಡಾ ಸುಡುವ ಹೊಗೆ ನೆಲಕ್ಕೆ ಅಂಟಿಕೊಂಡು ಹರಿಯುತ್ತಿತ್ತು, ಬಸ್ಸು ಅದರೊಳಗಿಂದ ತೇಲಿದಂತೆ ಹೋಯಿತು. ಇದು ಮೊದಲ ಸೀಜನ್ನಿನ ಕಡೆಯ ಕಂತು. ವಳಸಂಗದ ಸ್ಟಾಪು ದಾಟಿದ ಮೇಲೆ ಕಡೆಯ ದೃಶ್ಯ ಬಂತು. ಅಕ್ಕ ತನ್ನ ಹೊಸ್ತಿಲು ದಾಟಿದಳು. ಅಂಗಳ ದಾಟಿದಳು. ಬೀಗದ ಮುದುಕ ತಲೆ ಎತ್ತಿ ನೋಡಿದ, ಮಹಡಿಯ ಹುಡುಗಿ ನೋಡಿದಳು. ಅಕ್ಕ ತಂಗಿಯ ಬಾಗಿಲ ಮುಂದೆ ನಿಂತು ಕೈ ಎತ್ತಿದಳು. ಕೈ ಬಾಗಿಲಿಗೆ ತಾಗುವ ಮೊದಲೇ ಪರದೆ ಕಪ್ಪಾಯಿತು. ಹೆಸರುಗಳು ಬಂದವು. ನಾನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದೆ. ಮತ್ತೆ ಅಷ್ಟೇ. ಇದನ್ನು ನಾನು ಸ್ಪಷ್ಟವಾಗಿ ನೋಡಿದ್ದೇನೆ, ಬಿಸಿಲಿರಲಿಲ್ಲ.

ಶೆಡ್ಡಿನಲ್ಲಿ ಆ ದಿನ ಮೊದಲಿನಿಂದ ಹೇಳಿಕೊಂಡು ಬಂದೆ. ಅಕ್ಕ ಅಂಗಳಕ್ಕಿಳಿದಳು ಎಂದಾಗ ವೈನಿಯ ಬಡಿತ ನಿಂತಿತು. ಬಾಗಿಲ ಮುಂದೆ ಕೈ ಎತ್ತಿದಳು ಎಂದಾಗ ಆಯಿಯ ಬಡಿತ ನಿಂತಿತು. ಹತ್ತು ವಾರದಲ್ಲಿ ಅದು ನಿಂತದ್ದು ಅದೇ ಮೊದಲು. ಆ ಮೌನದಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬುವ ಸದ್ದು ಕೇಳಿತು. ಆ ಮೌನವನ್ನು ಕಪ್ಪು ಪರದೆಗೆ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

"ಬಾಗಲಾ ಬಡದ್ಲು," ಅಂದೆ. "ತಂಗಿ ತಗದ್ಲು. ಏನೂ ಮಾತಾಡಲಿಲ್ಲ. ಒಳಗ ಹೋಗಿ ಒಂದು ತಂಬಗಿ ನೀರ ತಂದು ಕೊಟ್ಲು. ಅಕ್ಕ ಕುಡದ್ಲು."

ಸಣ್ಣವಳು ಕಣ್ಣೊರೆಸಿಕೊಂಡಳು. ವೈನಿ, "ಹತ್ತ ವಾರ ಕುಂತಿದ್ದಕ್ಕ ಇಷ್ಟರ ಆತಲ್ಲ" ಅಂದರು. ಆಯಿಯ ಹಲಗೆಯ ಮೇಲಿನ ರೊಟ್ಟಿ ಒಣಗಿ ಅಂಚು ಸೀಳಿತ್ತು. ಅದನ್ನು ಮುದ್ದೆ ಮಾಡಿ ನೀರು ಹಚ್ಚಿ ಮತ್ತೆ ಬಡಿಯತೊಡಗಿದರು.

ಸಂಜೆ ನಾನು ಪಾಕೀಟು ಕಟ್ಟುವಾಗ ಆಯಿ ಹತ್ತಿರ ಬಂದು ನಿಂತರು. "ನಾಡದ ಶೆಡ್ಡು ಬಂದ್ ಐತಿ. ವಳಸಂಗಕ್ಕ ಹೋಗೂಣಂತೀನಿ. ನೀ ಜೋಡಿ ಬಾ ಯವ್ವಾ. ಅಲ್ಲಿಂದ ಸೋಲಾಪುರ ನಿಂಗ ಸಮೀಪ."

ನಿಜ ಹೇಳಬೇಕಾದ ಹೊತ್ತು ಅದಾಗಿತ್ತು. "ಆಗಲಿರಿ ಆಯಿ" ಅಂದೆ.

ಹೇಳಿದ ದಿನ ಅಕ್ಕಲಕೋಟದಿಂದ ಹೊರಟ ಬಸ್ಸಿನಲ್ಲಿ ಆಯಿ ಕಿಟಕಿಯ ಪಕ್ಕ ಕೂತರು. ಇಸ್ತ್ರಿ ಮಾಡಿದ ಇಳಕಲ್ ಸೀರೆ, ಮಡಿಲಲ್ಲಿ ಒಂದು ಕೈಚೀಲ. ನಾನು ಎರಡು ಸಲ ಬಾಯಿ ತೆರೆದೆ. ಒಂದು ಸಲ ಕಂಡಕ್ಟರ್ ಬಂದ. ಇನ್ನೊಂದು ಸಲ ಯಾರೂ ಬರಲಿಲ್ಲ, ನಾನೇ ಬಾಯಿ ಮುಚ್ಚಿಕೊಂಡೆ. ಹೊಲಗಳು ಬಿಸಿಲಿನಲ್ಲಿ ಕನಸಿನಂತೆ ಮೆಲ್ಲಗೆ ತಿರುಗುತ್ತಿದ್ದವು. ಆ ಬಸ್ಸು ವಳಸಂಗ ಮುಟ್ಟದೇ ಹೀಗೆಯೇ ಹೋಗುತ್ತಿರಲಿ ಎಂದುಕೊಂಡದ್ದು ನೆನಪಿದೆ.

ತಂಗಿಯ ಮನೆ ಸ್ಟಾಪಿನಿಂದ ದೂರವಿರಲಿಲ್ಲ. ಅವರು ಹೊಸ್ತಿಲ ಒಳಗೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಆಯಿಯದೇ ಮೂಗು, ಆಯಿಯದೇ ಹಣೆ. ತಲೆ ಎತ್ತಿದರು. ಆಯಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಆಯಿಯನ್ನು ನೋಡಿದರು. ಮೊರವನ್ನೆತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಆಯಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತರು. ನಾನೂ ಕೂತೆ. ಸೊಸೆಯೊಬ್ಬಳು ಇಣುಕಿ ನೋಡಿ ಒಳಗೆ ಸರಿದಳು. ಒಳಗೆ ಪಾತ್ರೆಯ ಸದ್ದಾಯಿತು, ಆಯಿಯ ಮುಖ ಅತ್ತ ತಿರುಗಿತು. ನೀರು ಬರಲಿಲ್ಲ. ಕಟ್ಟೆಯ ನೆರಳು ನಮ್ಮ ಮೊಣಕಾಲು ಬಿಟ್ಟು, ಮಡಿಲು ಬಿಟ್ಟು, ಗೋಡೆಗೆ ಹೋಯಿತು. ಅವರ ತುಟಿ ಒಣಗಿದ್ದನ್ನು ನಾನು ನೋಡಿದೆ. ಚೀಲದಿಂದ ನನ್ನ ಬಾಟಲಿ ತೆಗೆದೆ.

"ಒಳಗ ಇಡು ಅದನ್ನ," ಅಂದರು ಆಯಿ, ಮೆಲ್ಲಗೆ. "ಆಕಿ ಕಟ್ಟಿ ಮ್ಯಾಲ ಕುಂತು ನಿನ್ನ ಬಾಟ್ಲಿ ನೀರ ಕುಡದ್ರ ಓಣ್ಯಾಗ ಆಕಿ ಮಾನ ಏನ ಉಳೀತೈತಿ?"

ಸ್ವಲ್ಪ ಹೊತ್ತಿನ ಮೇಲೆ ಅಂದರು, "ಮಾಲಿಕಾದಾಗ ಲಗೂ ತಂದ್ಲೇನು ನೀರು? ಇಷ್ಟ ಹೊತ್ತು ಮಾಡಿದ್ಲೇನು?"

ಇನ್ನು ಆಗಲಿಲ್ಲ ನನಗೆ. "ತರಲಿಲ್ಲರಿ ಆಯಿ. ಬಾಗಲಾನೂ ತಗೀಲಿಲ್ಲ. ಆಕಿ ಕೈ ಎತ್ತಿದ್ಲು, ಅಷ್ಟಕ್ಕ ಮುಗೀತು. ಬಡದ್ಲೋ ಇಲ್ಲೋ ಅದೂ ತೋರಸಲಿಲ್ಲ. ಮುಂದಿಂದೆಲ್ಲ ನಾ ಹೇಳಿದ್ದು ಸುಳ್ಳು."

ಆಯಿ ನನ್ನ ಕಡೆ ತಿರುಗಲಿಲ್ಲ. "ಯಾಕ?"

"ನಿಮ್ಮ ಕೈ ನಿಂತಿತ್ತಲ್ರಿ."

"ಕೈ ನಿಂತ್ರ ಒಂದು ರೊಟ್ಟಿ ಕೆಡ್ತಿತ್ತು. ಅದಕ್ಕ ನೀ ನನ್ನ ಇಲ್ಲಿತನ ತಂದು ಕುಂದರಿಸಿದೇನು?"

ಆಯಿ ಚೀಲ ತೆಗೆದುಕೊಂಡು ಏಳಲು ನೋಡಿದರು.

ಆಗ ಒಳಗಿನಿಂದ ದನಿ ಬಂತು, ಕಟ್ಟೆಯ ಮೇಲಿದ್ದವರಿಗೆ ಕೇಳುವಷ್ಟೇ ಜೋರಾಗಿ. "ಆ ಮಾಲಿಕಾ ನಾವೂ ನೋಡೀವಿ. ಮಂದಿಗೆಲ್ಲ ಆ ಅಕ್ಕನ ಮ್ಯಾಲ ಭಾಳ ಮಮಕಾರ. ಅಂಗಳ ದಾಟಾಕ ಆಕಿಗೆ ಹತ್ತ ಭಾಗ ಹತ್ತಿದ್ವು. ಒಳಗಿದ್ದಾಕಿಗೆ ಏನಾಗಿತ್ತು, ಯಾರರ ಕೇಳಿದ್ರೇನು?"

ಆಯಿ ಮತ್ತೆ ಕೂತರು. ನನಗೆ ಹೇಳಿದರು, "ಹೇಳು ಆಕಿಗೆ. ಅವ್ವನ ಮಾರಿ ಯಾಕ ತೋರಸಲಿಲ್ಲ ಅಂತ ಕೇಳು."

ನಮ್ಮಲ್ಲಿ ಮಾತು ಬಿಟ್ಟವರು ಮಾತಾಡಲೇಬೇಕಾದಾಗ ಹೀಗೆ ಮಾಡುತ್ತಾರೆ, ನಡುವೆ ಒಬ್ಬರನ್ನಿಟ್ಟುಕೊಳ್ಳುತ್ತಾರೆ. ಇಬ್ಬರಿಗೂ ಕೇಳುತ್ತಿರುತ್ತದೆ, ಆದರೂ ನಡುವಿನವರು ಹೇಳಲೇಬೇಕು. ನಾನು ಬಾಗಿಲ ಕಡೆ ತಿರುಗಿ ಹೇಳಿದೆ, "ಅವ್ವನ ಮಾರಿ ಯಾಕ ತೋರಸಲಿಲ್ಲ ಅಂತ ಕೇಳಾಕತ್ತಾರ್ರಿ." ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ಹೇಳು, ಮುಂಜಾನಿಂದ ಕಾದೀವಂತ. ವೈಶಾಖದ ಬಿಸಲು. ಅಯ್ಯನವರು ಹೊತ್ತ ಮುಳುಗೂದ್ರೊಳಗ ಆಗ್ಬೇಕು ಅಂದ್ರು. ನಾ ಎರಡ ಸಲ ಎತ್ತಗೊಡಲಿಲ್ಲ. ಮೂರನೇ ಸಲ ಗಂಡಸರು ನನ್ನ ಮಾತ ಕೇಳಲಿಲ್ಲ."

ಹೇಳಿದೆ.

"ಹೇಳು, ನಾ ಬಂದಾಗ ಇದನ್ನ ಹೇಳಬೇಕಿತ್ತಂತ."

ಹೇಳಿದೆ.

"ಕೇಳಾಕ ನಿಂತಿದ್ಲೇನು ಆಕಿ? ನೀರಿನ ತಂಬಗಿ ಹಿಡಕೊಂಡು ನಾ ಈ ಬಾಗಲದಾಗ ನಿಂತಿದ್ದೆ. ಮುಟ್ಟಲಿಲ್ಲ. ಮಂದಿ ಮುಂದ ಹೊಳ್ಳಿ ಹ್ವಾದ್ಲು."

ಆಯಿ ನಮಗೆ ಎರಡು ಸಲ ಹೇಳಿದ ಕಥೆಯಲ್ಲಿ ಈ ತಂಬಿಗೆ ಇರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಎಲ್ಲೋ ಹಿಟ್ಟಿನ ಗಿರಣಿ ಓಡುತ್ತಿತ್ತು. ಆ ಸದ್ದಿನೊಳಗೆ ಓಣಿ, ಬಿಸಿಲು, ಗೋಡೆಗೆ ಹೋದ ನೆರಳು ಎಲ್ಲವೂ ಸ್ವಲ್ಪ ಹೊತ್ತು ತೂಗಿದಂತೆ ನಿಂತಿದ್ದವು.

"ಹೇಳು," ಅಂದರು ಆಯಿ ಕಡೆಗೆ, "ನೀರಡಿಕಿ ಆಗೇತಿ ಅಂತ."

"ಆಯಿಗೆ ನೀರಡಿಕಿ ಆಗೇತ್ರಿ," ಅಂದೆ.

"ಒಮ್ಮಿ ಹೊರಗ ತಂದು ಹಿಡದೀನಿ ನಾ. ಮತ್ತೊಮ್ಮಿ ಹಿಡಿಯಂಗಿಲ್ಲ. ಹೊರಗ ತಂದು ಕೊಡೂದು ಹೊರಗಿನವರಿಗೆ. ಮನಿಯಾಕಿ ಆಗಿದ್ರ ಒಳಗ ಬಂದು ಕೊಡದಾಗಿಂದ ತಗೋಲಿ ಅಂತ ಹೇಳು."

ಇದನ್ನೂ ಪೂರ್ತಿ ಹೇಳಿದೆ. ಆಯಿ ಎದ್ದರು. ಬಹಳ ಹೊತ್ತು ಕೂತ ಕಾಲು ಜೋಮು ಹಿಡಿದಿತ್ತು, ಗೋಡೆ ಹಿಡಿದು ನಿಂತರು. ನಾನು ಕೈ ಕೊಟ್ಟೆ, ಬೇಡವೆಂದರು. ಹೊಸ್ತಿಲ ಹತ್ತಿರ ತಲೆ ಬಗ್ಗಿಸಿ ಒಳಗೆ ಹೋದರು. ಒಳಗೆ ಕತ್ತಲಿತ್ತು, ಬಿಸಿಲಿನಿಂದ ನೋಡುವ ನನಗೆ ಏನೂ ಕಾಣಲಿಲ್ಲ. ಆಮೇಲೆ ಇಬ್ಬರ ದನಿ ಕೇಳಿತು, ಒಂದೇ ತರಹದ ಎರಡು ದನಿ, ಯಾವುದು ಯಾರದೆಂದು ತಿಳಿಯಲಿಲ್ಲ. ಜಗಳವಿರಬಹುದು. ಅಳುವಿರಬಹುದು. ನಡುವೆ ನಾನು ಇರಲಿಲ್ಲ ಎಂಬುದಷ್ಟೇ ನನಗೆ ಖಚಿತ.

ಸ್ವಲ್ಪ ಹೊತ್ತಿಗೆ ಆ ಸೊಸೆ ಹೊರಗೆ ಬಂದಳು. ನನಗೆ ಒಂದು ತಂಬಿಗೆ ನೀರು ಕೊಟ್ಟಳು. "ಆಯಿ ಇವತ್ತ ಇಲ್ಲೇ ಇರ್ತಾರಂತ. ನೀವು ಬಸ್ಸಿಗೆ ಹೋಗ್ರಿ ಅಂದ್ರು," ಅಂದಳು. ಆಮೇಲೆ ದನಿ ತಗ್ಗಿಸಿ, "ಖರೇನs ಆ ತಂಗಿ ಬಾಗಲಾ ತಗೀತಾಳೇನ್ರಿ ಮುಂದಿನ ಸೀಜನ್ನಿನ್ಯಾಗ?" ಎಂದು ಕೇಳಿದಳು.

"ನಂಗ ಗೊತ್ತಿಲ್ಲವಾ," ಅಂದೆ.

ನನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತು ಎಂದು ವೈನಿ ಅನ್ನುತ್ತಾರೆ. ಅವರು ಆ ಕಟ್ಟೆಯ ಮೇಲೆ ಕೂತಿರಲಿಲ್ಲ. ನೀರು ಕುಡಿದು, ತಂಬಿಗೆಯನ್ನು ಬೋರಲು ಹಾಕಿ, ನಾನು ಸ್ಟಾಪಿಗೆ ನಡೆದೆ. ಸೋಲಾಪುರದ ಬಸ್ಸು ತುಂಬಿ ಬಂದಿತ್ತು, ನಿಂತುಕೊಂಡೇ ಹೋದೆ.